ಒಬ್ಬನೇ ಅಪ್ಪ, ಇಬ್ಬರು ಪುಟ್ಟ ಮಕ್ಕಳು: ಕ್ರೂಸ್‌ಗೆ ಹೋಗಬಹುದಾ?

ಬಾಳ್ಳುಪೇಟೆ ಅಪ್ಪ:

ಎಲ್ಲರಿಗೂ ನಮಸ್ಕಾರ. ನಾನು ಬಾಳ್ಳುಪೇಟೆ ಹತ್ತಿರದವನು. ಸ್ವಲ್ಪ ಕಾಫಿ, ಮೆಣಸು ಇದೆ. ಹೆಂಡತಿ ಮಸ್ಕತ್‌ನಲ್ಲಿ ನರ್ಸ್. ವರ್ಷಕ್ಕೊಮ್ಮೆ ರಜೆಗೆ ಬರುತ್ತಾಳೆ. ಮಗಳಿಗೆ 7 ವರ್ಷ, ಮಗನಿಗೆ ಮೂರೂವರೆ. ಉಳಿದ ದಿನ ಇಬ್ಬರೂ ನನ್ನ ಮತ್ತು ನಮ್ಮಮ್ಮನ ಜೊತೆ.

ಹೋದ ಡಿಸೆಂಬರ್‌ನಲ್ಲಿ ಮಂಗಳೂರಿಗೆ ಮದುವೆಗೆ ಹೋದಾಗ ಮಕ್ಕಳನ್ನು ಪಣಂಬೂರು ಬೀಚಿಗೆ ಕರೆದುಕೊಂಡು ಹೋಗಿದ್ದೆ. ಆ ಹೊತ್ತಿಗೆ ಬಂದರಿನಿಂದ ದೊಡ್ಡ ಬಿಳಿ ಪ್ರವಾಸಿ ಹಡಗೊಂದು ಹೊರಟಿತ್ತು. ಮಗಳು ಮರಳಲ್ಲಿ ಆಡೋದನ್ನು ಬಿಟ್ಟು ಎದ್ದು ನಿಂತಳು. ಕಿಟಕಿ ಎಣಿಸೋಕೆ ಹೋಗೋದು, ಲೆಕ್ಕ ತಪ್ಪೋದು, ಮತ್ತೆ ಮೊದಲಿಂದ ಶುರು ಮಾಡೋದು. ಹಡಗು ಚುಕ್ಕೆಯಾಗುವವರೆಗೂ ಅಲ್ಲಿಂದ ಕದಲಲಿಲ್ಲ. ಅವತ್ತಿನಿಂದ ಒಂದೇ ಮಾತು: "ಅಪ್ಪಾ, ಅದರೊಳಗೆ ಒಂದು ರಾತ್ರಿ ಮಲಗಬೇಕು."

ಅವಳು ಯಾವತ್ತೂ ಏನನ್ನೂ ಕೇಳುವವಳಲ್ಲ. ಅಮ್ಮ ದೂರ ಇದ್ದಾಳೆ ಅಂತ ತಮ್ಮನನ್ನು ತಾನೇ ಎಬ್ಬಿಸಿ ಹಲ್ಲುಜ್ಜಿಸುವ ಹುಡುಗಿ. ಅದಕ್ಕೇ ಇದನ್ನು ನಡೆಸಿಕೊಡಬೇಕು ಅಂತ ಮನಸ್ಸಾಗಿದೆ.

ಮುಂಬೈಯಿಂದ ಗೋವಾ ಕಡೆ ಹೋಗುವ ಎರಡು ಮೂರು ರಾತ್ರಿಯ ಟ್ರಿಪ್ ನೋಡುತ್ತಿದ್ದೇನೆ. ಕಾರ್ಡೀಲಿಯಾ ಅನ್ನುವ ಕಂಪನಿಯವರ ಎಂಪ್ರೆಸ್ ಹಡಗು. 1990ರಲ್ಲಿ ಕಟ್ಟಿದ್ದಂತೆ, 2021ರಿಂದ ಇಲ್ಲಿ ಓಡುತ್ತಿದೆ. ನನಗೆ ಬಿಡುವು ಸಿಗೋದೇ ಕಷ್ಟ. ನವೆಂಬರ್ ಕೊನೆಗೆ ಕೊಯ್ಲು ಶುರು. ಅರೇಬಿಕಾ ಕಾಫಿ ಮುಗಿಯುವಷ್ಟರಲ್ಲಿ ರೋಬಸ್ಟಾ ಕಾಫಿ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡಬೇಕು. ದಸರಾ ರಜೆ, ಇಲ್ಲವೇ ಏಪ್ರಿಲ್. ಇವೆರಡೇ ದಾರಿ.

ನನ್ನ ಭಯ ಹೇಳಿಬಿಡುತ್ತೇನೆ. ಮಗನಿಗೆ ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ದಾಟಿದರೆ ವಾಂತಿ ಶುರು. ಗುಂಡ್ಯ ಮುಟ್ಟುವ ಹೊತ್ತಿಗೆ ಎರಡು ಕವರ್ ಖಾಲಿ. ಸಮುದ್ರದಲ್ಲಿ ಏನು ಗತಿ? ಮಗಳನ್ನು ಹೆಂಗಸರ ಶೌಚಾಲಯಕ್ಕೆ ಒಬ್ಬಳೇ ಕಳಿಸೋಕೆ ಮನಸ್ಸು ಬರಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಾನೇ ಹುಷಾರು ತಪ್ಪಿ ಮಲಗಿದರೆ? ಊರಲ್ಲಿದ್ದರೆ ಒಂದು ಫೋನ್ ಮಾಡಿದರೆ ತಮ್ಮ ಬೈಕ್ ಹತ್ತಿ ಬರುತ್ತಾನೆ. ನಡು ಸಮುದ್ರದಲ್ಲಿ ಯಾರಿದ್ದಾರೆ?

ಅಮ್ಮನನ್ನು ಕರೆದರೆ, "ಮಂಡಿ ನೋವು, ಬರಲ್ಲ. ನೆಲದ ಮೇಲೆ ಓಡಾಡೋಕೆ ಜಾಗ ಇಲ್ವೇನೋ ನಿಮಗೆ?" ಅಂತಾರೆ. ಹೀಗೆ ಒಬ್ಬರೇ ಮಕ್ಕಳನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕಲ್ಯಾಣನಗರದ ಅಮ್ಮ, ಚಿಕ್ಕಮಗಳೂರು:

ಹೋಗಿ ಅಣ್ಣಾ, ಖಂಡಿತ ಹೋಗಿ. ಆದರೆ ಹಡಗಿನ ಫೋಟೊ ನೋಡಿ ಬುಕ್ ಮಾಡಬೇಡಿ. ಎರಡು ಕೈ ಸಾಲದೇ ಹೋಗುವ ಹೊತ್ತು ಯಾವ್ಯಾವುದು ಅಂತ ಮೊದಲು ಕೂತು ಯೋಚಿಸಿ. ಅದಕ್ಕೆ ತಕ್ಕಂತೆ ಬುಕ್ ಮಾಡಿ.

ನನ್ನ ಯಜಮಾನರು ಸೈನ್ಯದಲ್ಲಿದ್ದಾರೆ. ಮೂರು ವರ್ಷ ಕಾದರೂ ಅವರಿಗೂ ಮಕ್ಕಳಿಗೂ ರಜೆ ಒಟ್ಟಿಗೆ ಬರಲಿಲ್ಲ. ಕೊನೆಗೆ ನಾನೇ ಇಬ್ಬರನ್ನೂ ಕರೆದುಕೊಂಡು ಸಿಂಗಪುರದಿಂದ ಮೂರು ರಾತ್ರಿಯ ಕ್ರೂಸ್ ಹೋಗಿ ಬಂದೆ. ಆಗ ಮಗಳಿಗೆ 8, ಮಗನಿಗೆ 4.

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ, ಯಾಕೆಂದರೆ ನನಗೆ ಅದೇ ಆಯಿತು. ಎರಡನೇ ರಾತ್ರಿ ಜ್ವರ ಬಂತು. ಎದ್ದು ನಿಂತರೆ ತಲೆ ಗಿರ್ ಅನ್ನುತ್ತಿತ್ತು. ಹಡಗು ಹತ್ತಿದ ದಿನವೇ ನಾನು ಒಂದು ಕೆಲಸ ಮಾಡಿದ್ದೆ. ಕ್ಯಾಬಿನ್, ಅಂದರೆ ನಮ್ಮ ಕೋಣೆಯ ಫೋನಿನಲ್ಲಿ ರಿಸೆಪ್ಶನ್‌ಗೆ ಹೋಗುವ ಬಟನ್ ಮೇಲೆ ನನ್ನ ಹಣೆಯ ಕೆಂಪು ಸ್ಟಿಕರ್ ಅಂಟಿಸಿದ್ದೆ. ಮಗಳ ಕೈಯಲ್ಲಿ ಎರಡು ಸಲ ಒತ್ತಿಸಿ, ಕ್ಯಾಬಿನ್ ನಂಬರ್ ಮತ್ತು "ಮದರ್ ಸಿಕ್, ಪ್ಲೀಸ್ ಕಮ್" ಅಂತ ಹೇಳೋದನ್ನು ಕಲಿಸಿದ್ದೆ. ಅವತ್ತು ರಾತ್ರಿ ಅವಳೇ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದರು. ನಡು ಸಮುದ್ರದಲ್ಲಿ ಯಾರಿದ್ದಾರೆ ಅಂದಿರಲ್ಲ, ಅಣ್ಣಾ. ಡಾಕ್ಟರ್ ಇರುತ್ತಾರೆ, ನರ್ಸ್ ಇರುತ್ತಾರೆ, ರಾತ್ರಿಯಿಡೀ ಎಚ್ಚರ ಇರುವ ಸಿಬ್ಬಂದಿ ಇರುತ್ತಾರೆ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ರಾತ್ರಿ ಅಷ್ಟು ಬೇಗ ಡಾಕ್ಟರ್ ಸಿಗಲ್ಲ.

ಆದರೆ ಅದಕ್ಕೆ ದುಡ್ಡು ಬೇರೆ. ಟಿಕೆಟ್‌ನಲ್ಲಿ ಸೇರಿರಲ್ಲ. ಬಿಲ್ ನಮ್ಮ ಲೆಕ್ಕಕ್ಕೆ ಬರುತ್ತೆ, ಆಮೇಲೆ ಇನ್ಶೂರೆನ್ಸ್‌ನಿಂದ ವಾಪಸ್ ಕೇಳಬೇಕು. ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳುವಾಗ ಹಡಗಿನಲ್ಲಿ ಆಗುವ ಚಿಕಿತ್ಸೆ ಸೇರಿದೆಯಾ ಅಂತ ಓದಿ ನೋಡಿ. ಮೂವರಿಗೂ ಮಾಡಿಸಿ. ಮಕ್ಕಳ ಜೇಬಿನಲ್ಲಿ ಒಂದು ಚೀಟಿ ಇರಲಿ: ಹೆಸರು, ಕ್ಯಾಬಿನ್ ನಂಬರ್, ಊರಿನ ಎರಡು ಫೋನ್ ನಂಬರ್, ಯಾವ ಔಷಧಿ ಆಗಲ್ಲ ಅನ್ನೋದು.

ಟಿಕೆಟ್ ವಿಷಯದಲ್ಲಿ ನಾನು ಮೋಸ ಹೋದೆ. ಏಜೆಂಟ್ ಒಬ್ಬರು "ಮಕ್ಕಳಿಗೆ ಫ್ರೀ ಮೇಡಂ" ಅಂದರು. ಬಿಲ್ ನೋಡಿದರೆ ಮಗಳಿಗೆ ಪೂರ್ತಿ ದೊಡ್ಡವರ ದರ. ಕ್ರೂಸ್ ದರವನ್ನು ಒಂದು ಕ್ಯಾಬಿನ್‌ಗೆ ಇಬ್ಬರು ಅಂತ ಲೆಕ್ಕ ಹಾಕಿರುತ್ತಾರೆ. ಫ್ರೀ, ರಿಯಾಯಿತಿ ಎಲ್ಲ ಸಾಮಾನ್ಯವಾಗಿ ಮೂರನೇ, ನಾಲ್ಕನೇ ಜನಕ್ಕೆ. ದೊಡ್ಡವರು ಒಬ್ಬರೇ ಇದ್ದರೆ ಮೊದಲ ಮಗುವೇ ಎರಡನೇ ಜನ. ಬಂದರಿನ ಶುಲ್ಕ, ತೆರಿಗೆ ಎಲ್ಲ ಸೇರಿ ಮೂವರಿಗೆ ಒಟ್ಟು ಎಷ್ಟು ಅಂತ ಬರವಣಿಗೆಯಲ್ಲಿ ತಗೊಂಡ ಮೇಲೆಯೇ ದುಡ್ಡು ಕಟ್ಟಿ.

ಮಕ್ಕಳನ್ನು ನೋಡಿಕೊಂಡು ಆಡಿಸುವ ಮಕ್ಕಳ ಕ್ಲಬ್ ಬಗ್ಗೆ ಈಗಲೇ ಕೇಳಿ. ಬಹಳ ಹಡಗುಗಳಲ್ಲಿ 3 ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಈಜುಕೊಳಕ್ಕೂ ಡೈಪರ್ ಹಾಕಿದ ಮಗುವನ್ನು ಬಿಡಲ್ಲ. ಎಷ್ಟೋ ಹಡಗುಗಳ ಈಜುಕೊಳದ ಹತ್ತಿರ ಲೈಫ್‌ಗಾರ್ಡ್ ಕೂಡ ಇರಲ್ಲ. ಒಬ್ಬರನ್ನು ನೀರಲ್ಲಿ ಬಿಟ್ಟು ಇನ್ನೊಬ್ಬರ ಹಿಂದೆ ಓಡುವ ಪರಿಸ್ಥಿತಿ ಮಾತ್ರ ಬೇಡ. ಇಳಿದರೆ ಮೂವರೂ ಇಳಿಯಿರಿ, ಹತ್ತಿದರೆ ಮೂವರೂ ಹತ್ತಿ.

ಇನ್ನೊಂದು, ಯಾರೂ ಹೇಳದೇ ಇರುವ ವಿಷಯ. ಹಡಗಿನ ಟಾಯ್ಲೆಟ್ ಗಾಳಿಯಿಂದ ಎಳೆದುಕೊಳ್ಳುವಂಥದ್ದು. ಬಟನ್ ಒತ್ತಿದರೆ ಗುರ್ರ್ ಅಂತ ಒಂದೇ ಸಲಕ್ಕೆ ಜೋರು ಸದ್ದು. ನನ್ನ ಮಗ ಮೊದಲ ಸಲ ಕಿರುಚಿಕೊಂಡು ಹೊರಗೆ ಓಡಿಬಂದ. ಆಮೇಲೆ ಇಡೀ ದಿನ ಕೂರಲೇ ಇಲ್ಲ, ಹೊಟ್ಟೆ ಹಿಡಿದುಕೊಂಡು ಅಳು. ಕೊನೆಗೆ ಅವನನ್ನು ಹೊರಗೆ ನಿಲ್ಲಿಸಿ, ಮುಚ್ಚಳ ಹಾಕಿ, ನಾನೇ ಬಟನ್ ಒತ್ತುತ್ತೇನೆ ಅಂತ ಮಾತು ಕೊಟ್ಟ ಮೇಲೆ ಸರಿಹೋದ. ಸ್ನಾನಕ್ಕೆ ಬಕೆಟ್ ಇರಲ್ಲ, ಬರೀ ಶವರ್. ಮನೆಯ ಹಂಡೆ ನೀರಿಗೆ ಒಗ್ಗಿದ ಮಕ್ಕಳು. ನಾನು ಒಂದು ಪ್ಲಾಸ್ಟಿಕ್ ಚೊಂಬು ತಗೊಂಡು ಹೋಗಿದ್ದೆ. ಇಡೀ ಸೂಟ್‌ಕೇಸ್‌ನಲ್ಲಿ ಅದರಷ್ಟು ಕೆಲಸಕ್ಕೆ ಬಂದದ್ದು ಬೇರೆ ಇಲ್ಲ.

ಮಗಳ ಶೌಚಾಲಯದ ಚಿಂತೆಗೆ ಉತ್ತರವೂ ಕ್ಯಾಬಿನ್ನೇ. ಅದರಲ್ಲಿ ನಿಮ್ಮದೇ ಬಾತ್‌ರೂಮ್ ಇರುತ್ತೆ. ಲಿಫ್ಟ್‌ಗೆ ಹತ್ತಿರದ ಕ್ಯಾಬಿನ್ ಕೇಳಿ, ಪ್ರತಿ ಸಲ ಅಲ್ಲಿಗೇ ಬನ್ನಿ. ನಡೆಯೋದು ಜಾಸ್ತಿ ಆದರೂ ಮನಸ್ಸಿಗೆ ನೆಮ್ಮದಿ.

ಹಡಗಿನ ಅಡುಗೆಯವ, ಹಾಸನ:

ಸರ್, ನಾನು ಆರು ವರ್ಷ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿದ್ದೆ. ಈಗ ಊರಲ್ಲೇ ಮೆಸ್ ಇಟ್ಟುಕೊಂಡಿದ್ದೇನೆ. ಮೇಡಂ ಹೇಳಿದ್ದೆಲ್ಲ ಸರಿ. ಬಿಟ್ಟದ್ದನ್ನು ನಾನು ಹೇಳುತ್ತೇನೆ.

ವಾಂತಿಗೆ: ಕ್ಯಾಬಿನ್ ಹಡಗಿನ ಮಧ್ಯ ಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ, ಅಂದರೆ ಕೆಳಗಿನ ಮಹಡಿಯಲ್ಲಿ ತಗೊಳ್ಳಿ. ಅಲ್ಲಿ ಅಲುಗಾಟ ಕಡಿಮೆ. ಬಸ್ಸಿನಲ್ಲಿ ಹಿಂದಿನ ಸೀಟು ಎತ್ತಿ ಹಾಕುತ್ತೆ, ನಡುವಿನದು ಹಾಕಲ್ಲ ಅಲ್ವಾ, ಹಾಗೇ. ಘಾಟಿಯಲ್ಲಿ ವಾಂತಿ ಮಾಡುವ ಮಗು ಹಡಗಿನಲ್ಲೂ ಮಾಡಲೇಬೇಕು ಅಂತ ಇಲ್ಲ. ತಿರುವಿನ ಎಳೆತ ಬೇರೆ, ಅಲೆಯ ತೂಗಾಟ ಬೇರೆ. ಆದರೂ 2ರಿಂದ 12 ವರ್ಷದ ಮಕ್ಕಳಿಗೆ ಈ ಕಾಟ ಜಾಸ್ತಿ, ಹಾಗಾಗಿ ತಯಾರಿ ಇರಲಿ. ಹೊಟ್ಟೆ ಖಾಲಿ ಬಿಡಬೇಡಿ, ತುಂಬಿಸಲೂ ಬೇಡಿ. ನಾವು ಸಿಬ್ಬಂದಿ ಹಸಿರು ಸೇಬು, ಉಪ್ಪು ಬಿಸ್ಕತ್ ತಿನ್ನುತ್ತಿದ್ದೆವು. ಶುಂಠಿ ನಮ್ಮ ಜಿಲ್ಲೆಯಲ್ಲೇ ಬೆಳೆಯುತ್ತೆ, ಒಣಶುಂಠಿ ಬೆಲ್ಲ ಕಟ್ಟಿಕೊಂಡು ಹೋಗಿ. ಮಾತ್ರೆಯನ್ನು ಮಾತ್ರ ಮಕ್ಕಳ ಡಾಕ್ಟರ್ ಹತ್ತಿರ ತೂಕ ಹೇಳಿ ಬರೆಸಿಕೊಳ್ಳಿ. ದೊಡ್ಡವರ ಮಾತ್ರೆ ಅರ್ಧ ಮುರಿದು ಕೊಡೋದು ಬೇಡ. ತಲೆ ಸುತ್ತಿದರೆ ಮೊಬೈಲ್ ಕಿತ್ತುಕೊಂಡು ಹೊರಗೆ ಕರೆದುಕೊಂಡು ಬಂದು ಸಮುದ್ರ ಆಕಾಶ ಸೇರುವ ದೂರದ ಗೆರೆ ನೋಡಿಸಿ.

ದಸರಾ ರಜೆಯಾದರೆ ಮಳೆಗಾಲ ಹಿಂದೆ ಸರಿದಿರಬೇಕು. ಜೂನ್‌ನಿಂದ ಸೆಪ್ಟೆಂಬರ್ ಅರಬ್ಬಿ ಸಮುದ್ರ ಒರಟು. ರಜೆ ಸೆಪ್ಟೆಂಬರ್‌ನಲ್ಲೇ ಬಂದರೆ ನಾನಾಗಿದ್ದರೆ ಏಪ್ರಿಲ್‌ಗೆ ಹೋಗುತ್ತಿದ್ದೆ.

ಕ್ಯಾಬಿನ್ ಬಾಗಿಲು ಭಾರ, ತಾನೇ ಮುಚ್ಚಿಕೊಳ್ಳುತ್ತೆ. ಪುಟ್ಟ ಬೆರಳು ಸಿಕ್ಕಿದರೆ ಕಷ್ಟ. ಬಾತ್‌ರೂಮಿಗೆ ಎತ್ತರದ ಹೊಸ್ತಿಲು ಇರುತ್ತೆ, ರಾತ್ರಿ ಎಡವುತ್ತಾರೆ. ಸಣ್ಣ ಲೈಟ್ ಹಾಕಿಡಿ. ಬಾಲ್ಕನಿ ಬೇಡ ಸರ್. ಮೂರೂವರೆ ವರ್ಷದವನ ಜೊತೆ ನೀವೊಬ್ಬರೇ ಇದ್ದರೆ ಕಣ್ಣು ಮುಚ್ಚೋಕೂ ಆಗಲ್ಲ. ಮಗಳಿಗೆ ಸಮುದ್ರ ಕಾಣಬೇಕು ಅಂದರೆ ಕಿಟಕಿಯ ಕ್ಯಾಬಿನ್ ಸಾಕು. ಅದು ತೆರೆಯಲ್ಲ.

ಹತ್ತಿದ ಕೂಡಲೇ ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿದೆ ಕೇಳಿ, ಹಾಕಿಸಿ ನೋಡಿ. ಹೊರಡುವ ಮುಂಚೆ ಸುರಕ್ಷತೆಯ ಕವಾಯತು ಇರುತ್ತೆ, ತಪ್ಪಿಸುವ ಹಾಗಿಲ್ಲ. ಅಪಾಯದ ಸೈರನ್ ಅಂದರೆ ಏಳು ಚಿಕ್ಕದು, ಒಂದು ಉದ್ದದ್ದು. ಮೊದಲೇ ಹೇಳಿರದಿದ್ದರೆ ಚಿಕ್ಕವನು ಹೆದರುತ್ತಾನೆ. ಮಕ್ಕಳು ಕ್ಲಬ್‌ನಲ್ಲಿರುವಾಗ ಸೈರನ್ ಆದರೆ ಅವರನ್ನು ಯಾರು, ಎಲ್ಲಿಗೆ ಕರೆತರುತ್ತಾರೆ ಅಂತ ಕ್ಲಬ್‌ನವರನ್ನೇ ಕೇಳಿಕೊಳ್ಳಿ.

ಊಟಕ್ಕೆ ಬಫೆಯಲ್ಲಿ ಮೂರು ತಟ್ಟೆ ಹಿಡಿದು ಇಬ್ಬರನ್ನು ಕಾಯೋಕೆ ಆಗಲ್ಲ. ಕೂತಲ್ಲಿಗೆ ಬಡಿಸುವ ಹಾಲ್‌ಗೆ ಹೋಗಿ, ಬಾಗಿಲು ತೆರೆದ ಕೂಡಲೇ ಹೋಗಿ. ಮಗನಿಗೆ ಮೊಸರನ್ನ ಬೇಕು ಅಂತ ಮೊದಲ ದಿನವೇ ಹೇಳಿ. ಅಂಥ ಮಾತನ್ನು ನಾವು ಅಡುಗೆಮನೆಯ ಬೋರ್ಡ್ ಮೇಲೆ ಬರೆದಿಡುತ್ತಿದ್ದೆವು. ಮಕ್ಕಳು ಉಂಡು ಖಾಲಿ ತಟ್ಟೆ ವಾಪಸ್ ಬಂದರೆ ನಮಗೂ ಖುಷಿ.

ಬೇಲೂರು ಟೀಚರ್:

ಲಕ್ಷದ್ವೀಪದ ಹಡಗು ಅಗ್ಗ ಅಂತ ಯಾರಾದರೂ ಹೇಳಿದರೆ ಈ ವರ್ಷ ಬೇಡ ಅಣ್ಣ. ಕೊಚ್ಚಿಯಿಂದ ಎಂವಿ ಕವರತ್ತಿ ಹಡಗಿನ ಸಮುದ್ರಂ ಪ್ಯಾಕೇಜ್ ಚೆನ್ನಾಗಿದೆ. ಹಗಲು ದ್ವೀಪ, ರಾತ್ರಿ ಹಡಗು. ಆದರೆ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ಎಷ್ಟೋ ಕಡೆ ದಡಕ್ಕೆ ಬರಲ್ಲ. ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕು. ದೋಣಿ ಮೇಲೆ ಕೆಳಗೆ ಆಡುತ್ತಾ ಇರುತ್ತೆ. ಸಿಬ್ಬಂದಿ ಕೈ ಹಿಡಿದು ಇಳಿಸುತ್ತಾರೆ. ಆದರೂ ಒಬ್ಬ ಮಗು ದೋಣಿಯಲ್ಲಿ, ಇನ್ನೊಬ್ಬ ಹಡಗಿನಲ್ಲಿ, ನೀವು ಮಧ್ಯದಲ್ಲಿ ಇರುವ ಆ ಒಂದು ಕ್ಷಣ ಇದೆಯಲ್ಲ, ಅದು ಇಬ್ಬರು ದೊಡ್ಡವರಿಗೆ ಸರಿ. ಪರ್ಮಿಟ್ ಕೂಡ ಬೇಕು.

ಮೊದಲು ಸಣ್ಣದಾಗಿ ನೋಡಬೇಕು ಅಂದರೆ ಕೊಚ್ಚಿಯಲ್ಲಿ ಕೇರಳ ಸರ್ಕಾರದ ನೆಫರ್ಟಿಟಿ ಇದೆ. 200 ಜನ ಹಿಡಿಸುವ ಹಡಗು, ಕೆಲವು ಗಂಟೆ ಸಮುದ್ರಕ್ಕೆ ಕರೆದುಕೊಂಡು ಹೋಗಿ ಬರುತ್ತೆ. ಅದೂ ದೂರ ಅಂದರೆ ನಮ್ಮ ಯಗಚಿ ಡ್ಯಾಮ್‌ಗೆ ಬನ್ನಿ, ಬೋಟಿಂಗ್ ಇದೆ. ಮಗ ಲೈಫ್ ಜಾಕೆಟ್ ಹಾಕಿಸಿಕೊಳ್ಳುತ್ತಾನಾ, ಇಲ್ವಾ ಅನ್ನೋದಾದರೂ ಗೊತ್ತಾಗುತ್ತೆ.

ಮುಂಬೈಗೆ ಹಿಂದಿನ ದಿನವೇ ತಲುಪಿ. ರೈಲು ತಡವಾದರೆ ಹಡಗು ಕಾಯಲ್ಲ. ದೊಡ್ಡ ಬ್ಯಾಗನ್ನು ಬಂದರಿನಲ್ಲೇ ತಗೊಂಡು ಕ್ಯಾಬಿನ್‌ಗೆ ಆಮೇಲೆ ತಲುಪಿಸುತ್ತಾರೆ. ಔಷಧಿ, ಒಂದು ಜೊತೆ ಬಟ್ಟೆ, ಎಲ್ಲರ ಆಧಾರ್ ಮೂಲ ಪ್ರತಿ ಕೈಚೀಲದಲ್ಲೇ ಇರಲಿ.

ಬಾಳ್ಳುಪೇಟೆ ಅಪ್ಪ:

ಅಕ್ಕ, ಸರ್, ಟೀಚರ್, ಎಲ್ಲರಿಗೂ ಕೈ ಮುಗಿಯುತ್ತೇನೆ. ರಾತ್ರಿ ಇದನ್ನೆಲ್ಲ ಹೆಂಡತಿಗೆ ಫೋನಿನಲ್ಲಿ ಓದಿ ಹೇಳಿದೆ. ಜ್ವರದ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ "ಮಗಳಿಗೆ ಈಗಿನಿಂದಲೇ ಕಲಿಸಿ" ಅಂದಳು.

ಏಪ್ರಿಲ್ ಅಂತ ತೀರ್ಮಾನ ಮಾಡಿದ್ದೇವೆ. ಮಧ್ಯ ಭಾಗ, ಕಿಟಕಿ, ಲಿಫ್ಟ್ ಹತ್ತಿರ. ಮೂವರ ಒಟ್ಟು ದರ ಬರೆದು ಕಳಿಸಿ ಅಂತ ಇಮೇಲ್ ಹಾಕಿದ್ದೇನೆ. ಮುಂದಿನ ಭಾನುವಾರ ಯಗಚಿಗೆ ಹೋಗುತ್ತೇವೆ.

ಮಗಳಿಗೆ ಸೈರನ್ ವಿಷಯ ಹೇಳಿದೆ. ಜಾತ್ರೆಯಲ್ಲಿ ತಂದ ಪೀಪಿ ಹಿಡಿದು ತಮ್ಮನಿಗೆ ಪಾಠ ಶುರು ಮಾಡಿದ್ದಾಳೆ. ಏಳು ಚಿಕ್ಕದು ಊದುತ್ತಾಳೆ, ಅವನು ಆಟ ಬಿಟ್ಟು ಕಾಯುತ್ತಾನೆ. ಉದ್ದದ್ದು ಬಂದ ಕೂಡಲೇ ಓಡಿಬಂದು ನನ್ನ ಲುಂಗಿ ಹಿಡಿದುಕೊಳ್ಳುತ್ತಾನೆ. ಅಮ್ಮ ಒಳಗಿಂದ ಸದ್ದು ಸಾಕು ಅಂತ ಕೂಗುತ್ತಿದ್ದರು. ಇವತ್ತು ಬೆಳಿಗ್ಗೆ ನೋಡಿದರೆ ಒಣಶುಂಠಿ ಹುಡುಕಿ ಡಬ್ಬಿಗೆ ಹಾಕಿಟ್ಟಿದ್ದಾರೆ.

ಅಕ್ಕ, ಒಂದು ಮಾತು ಕೇಳಬೇಕಿತ್ತು. ರಾತ್ರಿ ಇಬ್ಬರೂ ಮಲಗಿದ ಮೇಲೆ ನೀವು ಏನು ಮಾಡುತ್ತಿದ್ದಿರಿ?

ಕಲ್ಯಾಣನಗರದ ಅಮ್ಮ, ಚಿಕ್ಕಮಗಳೂರು:

ಅವರನ್ನು ಬಿಟ್ಟು ಹೊರಗೆ ಹೋಗಲಿಲ್ಲ ಅಣ್ಣಾ. ಕಿಟಕಿಯ ಅಂಚಿನಲ್ಲಿ ಕೂರುವಷ್ಟು ಅಗಲ ಇತ್ತು. ಲೈಟ್ ಆರಿಸಿ ಅಲ್ಲೇ ಕೂರುತ್ತಿದ್ದೆ. ದೂರದಲ್ಲಿ ಬೇರೆ ಹಡಗುಗಳ ದೀಪ ಕಾಣುತ್ತಿತ್ತು. ಅಷ್ಟು ಹೊತ್ತು ಯಾವ ಕೆಲಸವೂ ಇಲ್ಲದೆ ಕೂತು ಎಷ್ಟೋ ವರ್ಷ ಆಗಿತ್ತು. ಫ್ಲಾಸ್ಕ್‌ನಲ್ಲಿ ಬಿಸಿನೀರು ತರಿಸಿಟ್ಟುಕೊಳ್ಳಿ, ಕಾಫಿಪುಡಿ, ಡಿಕಾಕ್ಷನ್ ಫಿಲ್ಟರ್ ಮನೆಯಿಂದಲೇ ತಗೊಂಡು ಹೋಗಿ.