ಪದಚರ್ಚೆ: ‘ರೇಡಿಯೇಷನ್ ಎಕ್ಸ್‌ಪೋಷರ್’ ಎಂಬುದಕ್ಕೆ ‘ವಿಕಿರಣ ಒಡ್ಡಿಕೆ’ ಸಲ್ಲುವುದೇ?

ಬಳಗದ ಹಿರಿಯರಿಗೆ ಶರಣು.

ಕಲಬುರಗಿಯ ಆಸ್ಪತ್ರೆಯೊಂದಕ್ಕಾಗಿ, ದಿನನಿತ್ಯದ ಬದುಕಿನಲ್ಲಿ ಎದುರಾಗುವ ವಿಕಿರಣವನ್ನು ಕುರಿತ ನಾಲ್ಕು ಪುಟಗಳ ಕೈಪತ್ರವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದನ್ನು ಅಚ್ಚಿಗೆ ಕೊಡಬೇಕು. ಎಕ್ಸ್‌ರೇ ಕೋಣೆಯ ಬಾಗಿಲಿಗೆ ಫಲಕ ಬರೆಯುವ ಪೇಂಟರ್ ಕೂಡ ನನ್ನ ಮಾತಿಗಾಗಿ ಕಾದಿದ್ದಾರೆ. ‘ರೇಡಿಯೇಷನ್ ಎಕ್ಸ್‌ಪೋಷರ್’ ಎಂದಿರುವಲ್ಲೆಲ್ಲ ನಾನು ‘ವಿಕಿರಣ ಒಡ್ಡಿಕೆ’ ಎಂದು ಬರೆದಿದ್ದೆ. ಕರಡನ್ನು ಓದಿದ ನಮ್ಮ ಅತ್ತೆಯವರು, ಅಫಜಲಪುರದ ಕಡೆಯ ಒಕ್ಕಲುತನದ ಮನೆಯಲ್ಲಿ ಬೆಳೆದವರು, ‘ಇದು ವಿಕಿರಣ ತಡೀಲಿಕ್ಕೆ ಹಾಕಿದ ಒಡ್ಡೇನು?’ ಎಂದು ಕೇಳಿದರು. ಹೊಲದ ಒಡ್ಡು ಮಳೆಯ ನೀರನ್ನು ತಡೆದು ನಿಲ್ಲಿಸುವುದನ್ನು ಕಂಡವರಿಗೆ ನನ್ನ ಪದವು ತದ್ವಿರುದ್ಧವಾದ ಅರ್ಥವನ್ನೇ ಕೊಡುತ್ತಿದೆ ಎಂಬುದು ಆಗ ಹೊಳೆಯಿತು.

ಎರಡನೆಯ ತೊಡಕು, ನೆಲದಿಂದ ಮನೆಯೊಳಗೆ ಬರುವ ವಿಕಿರಣಶೀಲ ಅನಿಲವಾದ ರೇಡಾನ್ ಕುರಿತ ಭಾಗದ ತಲೆಬರಹದಲ್ಲಿದೆ. ಅದಕ್ಕೆ ‘ಮನೆಯೊಳಗಿನ ವಿಷಾನಿಲ’ ಎಂದು ಹೆಸರಿಟ್ಟಿದ್ದೇನೆ. ಓದಿದವರು ಹೆದರಿ ಕೂರಬಾರದು, ಕಡೆಗಣಿಸಲೂಬಾರದು. ದಯವಿಟ್ಟು ಬೇಗ ತಿಳಿಸಿ.

(ಕಲಬುರಗಿಯಿಂದ)

* * *

ವಿಕಿರಣವೂ ಬೇಡ, ಒಡ್ಡಿಕೆಯೂ ಬೇಡ. ‘ಕದಿರು’ ಎಂಬ ಅಚ್ಚಗನ್ನಡದ ಪದ ನಮ್ಮಲ್ಲಿರುವಾಗ ಸಂಸ್ಕೃತದ ಧಾತುವನ್ನು ಉಪಸರ್ಗದ ಸಮೇತ ಹೊತ್ತು ತರುವ ಅಗತ್ಯವಿಲ್ಲ. ‘ಕದಿರುಸೂಸಿಕೆ’, ‘ಕದಿರುತಾಗು’ ಎಂದು ಬರೆಯಿರಿ. ‘ವಿಕಿರಣ ಒಡ್ಡಿಕೆ’ಯನ್ನು ಬಿಡಿಸಿ ಬರೆದರೂ ಅದು ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸವೇ. ಇದರ ಮೇಲೆ ಹೆಚ್ಚಿನ ಚರ್ಚೆ ಬೇಕಿಲ್ಲ.

(ಬೀದರಿನಿಂದ)

* * *

ಬೀದರಿನ ಹಿರಿಯರ ಕಾಳಜಿಯನ್ನು ಗೌರವಿಸುತ್ತೇನೆ. ಅವರ ತೀರ್ಪನ್ನು ಒಪ್ಪುವುದಿಲ್ಲ. ನಾಮಪದದೊಡನೆ ಕ್ರಿಯಾಪದ ಸೇರುವ ಕ್ರಿಯಾಸಮಾಸಕ್ಕೆ ಅರಿಸಮಾಸದ ದೋಷ ಹತ್ತದೆಂಬುದು ಅವರಿಗೂ ಗೊತ್ತಿರುವುದರಿಂದ, ಅವರೇ ಸೂಚಿಸಿದ ‘ತಾಗು’ ಧಾತುವನ್ನು ‘ವಿಕಿರಣ’ಕ್ಕೆ ಸೇರಿಸಲು ಅಡ್ಡಿಯಿಲ್ಲ. ‘ಕದಿರು’ ಮಾತ್ರ ಸಲ್ಲದು. ರೇಡಾನಿನ ವಿಷಯದಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವುದು ಮುಖ್ಯವಾಗಿ ಬೆಳಕಿನ ಜಾತಿಯ ಕಿರಣವಲ್ಲ, ಆಲ್ಫಾ ಕಣ. ಎಂದರೆ ಹೀಲಿಯಂ ಪರಮಾಣುವಿನ ಬೀಜ. ಸುತ್ತಲೂ ಚೆಲ್ಲು ಎಂಬ ಧಾತ್ವರ್ಥವುಳ್ಳ ‘ವಿಕಿರಣ’ವು ಕಣಕ್ಕೂ ಕಿರಣಕ್ಕೂ ಸಲ್ಲುತ್ತದೆ. ‘ಕದಿರು’ ಕಿರಣದಲ್ಲಿಯೇ ನಿಂತುಬಿಡುತ್ತದೆ, ಚರಕವನ್ನು ಬಲ್ಲವರಿಗಂತೂ ಅದು ನೂಲುವ ಕದಿರು.

‘ವಿಷಾನಿಲ’ವನ್ನು ಈಗಲೇ ಹೊಡೆದುಹಾಕಿ. ನಮ್ಮ ಕಡೆ ಜೋಳ ತುಂಬಿಡುತ್ತಿದ್ದ ಹಗೇವಿನ ಬಾಯಿ ತೆರೆದ ಕೂಡಲೇ ತಿಳಿದವರು ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಟುಹೋಗುವವರೆಗೆ ಕಾಯುತ್ತಿದ್ದರು, ಕಾಯದೆ ಇಳಿದವರು ಉಸಿರುಗಟ್ಟಿ ಸತ್ತದ್ದೂ ಉಂಟು. ವಿಷಾನಿಲವೆಂದರೆ ಹಳ್ಳಿಯವರ ಕಣ್ಣಮುಂದೆ ಆ ಹಗೇವು ಬರುತ್ತದೆ, ಉಳಿದವರ ಕಣ್ಣಮುಂದೆ 1984ರ ಭೋಪಾಲ ಬರುತ್ತದೆ. ರೇಡಾನ್ ಹಾಗೆ ಕೆಲಸ ಮಾಡುವುದಿಲ್ಲ. ಅದು ಬಣ್ಣವಿಲ್ಲದ, ವಾಸನೆಯಿಲ್ಲದ, ಬೇರೆ ವಸ್ತುಗಳೊಡನೆ ಸುಲಭವಾಗಿ ಕೂಡದ ಜಡಾನಿಲ. ಉಸಿರಿನೊಡನೆ ಒಳಗೆ ಹೋದದ್ದರಲ್ಲಿ ಬಹುಪಾಲು ಹಾಗೆಯೇ ಹೊರಗೆ ಬರುತ್ತದೆ. ಕಲ್ಲುಮಣ್ಣಿನಲ್ಲಿರುವ ಯುರೇನಿಯಂ ಹಂತಹಂತವಾಗಿ ಕ್ಷಯಿಸಿ ರೇಡಿಯಂ ಆಗುತ್ತದೆ, ರೇಡಿಯಂ ಕ್ಷಯಿಸಿ ರೇಡಾನ್ ಆಗಿ ನೆಲದ ಬಿರುಕುಗಳಿಂದ ಮೇಲೆ ಬರುತ್ತದೆ, 3.8 ದಿನಗಳ ಅರ್ಧಾಯುವುಳ್ಳ (ಎಂದರೆ ಅಷ್ಟರಲ್ಲಿ ಅರ್ಧದಷ್ಟು ಕ್ಷಯಿಸುವ) ಆ ರೇಡಾನ್ ಮತ್ತೆ ಕ್ಷಯಿಸಿ ಪೊಲೋನಿಯಂ, ಸೀಸ, ಬಿಸ್ಮತ್‌ಗಳಾಗುತ್ತದೆ. ಕೇಡು ಇರುವುದು ಈ ಮರಿವಸ್ತುಗಳಲ್ಲಿ. ಇವು ಅನಿಲವಲ್ಲ, ಘನ. ಧೂಳಿಗೆ ಅಂಟಿಕೊಂಡು ಶ್ವಾಸನಾಳಗಳ ಒಳಪದರದ ಮೇಲೆ ಕೂತು, ಅಲ್ಲಿಂದಲೇ ಆಲ್ಫಾ ಕಣಗಳನ್ನು ಚಿಮ್ಮುತ್ತವೆ. ಹೊರಗಿದ್ದಾಗ ಒಂದು ಹಾಳೆ ಕಾಗದವೂ ತಡೆಯಬಲ್ಲ ಕಣ, ಒಳಗೆ ಹೋದಾಗ ಜೀವಕೋಶವನ್ನು ಮುಟ್ಟಿಯೇ ಹೊಡೆಯುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ. ಅನೇಕ ದೇಶಗಳಲ್ಲಿ ಈ ಕ್ಯಾನ್ಸರಿಗೆ ಧೂಮಪಾನದ ನಂತರದ ದೊಡ್ಡ ಕಾರಣ ರೇಡಾನ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹಲವು ಪಟ್ಟು ಹೆಚ್ಚು. ಈ ಕೊನೆಯ ಮಾತು ಕೈಪತ್ರದ ಮೊದಲ ಪುಟದಲ್ಲಿಯೇ ಇರಲಿ.

ಇನ್ನು ‘ಎಕ್ಸ್‌ಪೋಷರ್’. ತಮ್ಮ ಅತ್ತೆಯವರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ‘ಒಡ್ಡು’ ನಾಮಪದವಾದರೆ ತಡೆ. ಕ್ರಿಯಾಪದವಾದರೆ ಅದರಲ್ಲಿ ಒಡ್ಡುವವನ ಇಚ್ಛೆ ಸೇರಿಕೊಂಡಿರುತ್ತದೆ. ಗುಂಡಿಗೆ ಎದೆಯೊಡ್ಡುತ್ತಾರೆ, ಮಳೆಗೆ ಮೈಯೊಡ್ಡುತ್ತಾರೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದ ಮಗು ರೇಡಾನಿಗೆ ಏನನ್ನೂ ಒಡ್ಡಿರುವುದಿಲ್ಲ. ಅದರ ಬದಲು ‘ಸೋಂಕು’ ಎಂದು ಬರೆದರೆ, ಜನ ಅದನ್ನು ಒಬ್ಬರಿಂದೊಬ್ಬರಿಗೆ ಹರಡುವ ರೋಗವೆಂದು ತಿಳಿದು, ಎಕ್ಸ್‌ರೇ ತೆಗೆಸಿಕೊಂಡವರನ್ನು ದೂರ ಕೂರಿಸುತ್ತಾರೆ. ಉಳಿಯುವುದು ‘ತಾಗು’. ಬಿಸಿಲು ತಾಗುತ್ತದೆ, ಝಳ ತಾಗುತ್ತದೆ. ಹೊರಗಿನಿಂದ ಬಂದು ಮೈಯನ್ನು ಹೊಕ್ಕು ಹೋಗುವ ಎಕ್ಸ್‌ರೇಗೆ ಅದು ಚೆನ್ನಾಗಿ ಒಪ್ಪುತ್ತದೆ. ರೇಡಾನಿಗೆ ಅದೂ ಸಾಲದು, ಏಕೆಂದರೆ ಅದು ‘ಉಸಿರಿನೊಡನೆ ಒಳಸೇರುತ್ತದೆ’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿದೆ ಎಂದು ಕನ್ನಡದಲ್ಲಿಯೂ ಒಂದೇ ಪದವನ್ನು ಹುಡುಕುವುದು ಓದುಗರಿಗೆ ಮಾಡುವ ಅನ್ಯಾಯ, ಏಕೆಂದರೆ ಎರಡರ ಉಪಾಯವೂ ಬೇರೆ: ಎಕ್ಸ್‌ರೇ ಕೋಣೆಯ ಬಾಗಿಲನ್ನು ಮುಚ್ಚಿ ದೂರ ನಿಲ್ಲಬೇಕು, ರೇಡಾನ್ ಕೂಡಿಕೊಳ್ಳುವ ತಳಘರದ ಕಿಟಕಿಯನ್ನು ತೆರೆದು ಗಾಳಿಯಾಡಿಸಬೇಕು, ನೆಲದ ಬಿರುಕುಗಳನ್ನು ಮುಚ್ಚಬೇಕು.

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾದಂದಿನಿಂದ ನಮ್ಮ ಜಿಲ್ಲೆಯಲ್ಲಿ ಇಂಥ ಬರಹಗಳನ್ನು ಜನ ಕಿವಿಗೊಟ್ಟು ಕೇಳುತ್ತಾರೆ. ಅವರ ಕೈಗೆ ತಪ್ಪು ಪದ ಹೋಗಬಾರದು.

(ಯಾದಗಿರಿಯಿಂದ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ)

* * *

ಉಪನ್ಯಾಸಕರು ಭೌತಶಾಸ್ತ್ರವನ್ನು ಹೇಳಿದರು. ಭಾಷೆಯ ಪ್ರಶ್ನೆ ಹಾಗೆಯೇ ಉಳಿಯಿತು. ಹೊರಗಿನ ಪದಗಳನ್ನು ಕೇಳಿದ್ದಕ್ಕೆಲ್ಲ ಒಳಗೆ ಬಿಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನು ಬೀದರಿನಲ್ಲಿ ನಾವು ದಿನವೂ ನೋಡುತ್ತೇವೆ. ‘ಧೋಕಾ’ ಎಂದರೆ ಮರಾಠಿ ಬಲ್ಲ ಮನೆಯಲ್ಲಿ ಅಪಾಯ, ಉರ್ದು ಬಲ್ಲ ಮನೆಯಲ್ಲಿ ಮೋಸ. ಒಂದೇ ಓಣಿಯಲ್ಲಿ ಒಂದೇ ಪದಕ್ಕೆ ಎರಡು ಅರ್ಥ. ಸಾಲ ತಂದ ಪದಕ್ಕೆ ಇಲ್ಲಿ ಬೇರಿರುವುದಿಲ್ಲ. ‘ವಿಕಿರಣ’ವೂ ಅಷ್ಟೇ, ‘ಎಕ್ಸ್‌ರೇ’ಯೂ ಅಷ್ಟೇ.

(ಬೀದರಿನಿಂದ)

* * *

ನಾನು ಇಪ್ಪತ್ತು ವರ್ಷ ಎಕ್ಸ್‌ರೇ ಕೋಣೆಯಲ್ಲಿ ದುಡಿದವಳು. ‘ಕ್ಷ-ಕಿರಣ ವಿಭಾಗ’ ಎಂದು ದಪ್ಪಕ್ಷರದಲ್ಲಿ ಬರೆದ ಬಾಗಿಲ ಮುಂದೆಯೇ ನಿಂತು ‘ಎಕ್ಸ್‌ರೇ ಎಲ್ಲಿ ತೆಗೀತಾರ್ರೀ?’ ಎಂದು ಕೇಳಿದವರನ್ನು ಎಣಿಸಲಾರೆ. ದವಾಖಾನೆಗೆ ಬಂದವರಿಗೆ ಪದದ ಬೇರು ಬೇಕಾಗಿಲ್ಲ, ಒಳಗೆ ಬರಬೇಕೋ ಹೊರಗೆ ನಿಲ್ಲಬೇಕೋ ಎಂಬುದು ತಿಳಿಯಬೇಕು. ಆದ್ದರಿಂದ ಫಲಕದಲ್ಲಿ ನಾಮಪದವೇ ಬೇಡ, ಏನು ಮಾಡಬೇಕೆಂಬುದನ್ನು ಬರೆಯಿರಿ. ಇನ್ನೊಂದು ಮಾತು: ಹೆಣ್ಣುಮಕ್ಕಳನ್ನು ನಾನು ‘ಹೊಟ್ಟಿಲೆ ಇದ್ದೀರೇನು?’ ಎಂದೇ ಕೇಳುತ್ತಿದ್ದೆ, ಫಲಕಕ್ಕೆ ‘ಗರ್ಭಿಣಿಯರು’ ಎಂಬುದು ಸಾಕು. ಆದರೆ ಆ ಸಾಲು ಕೆಳಗೆ ಸಣ್ಣ ಅಕ್ಷರದಲ್ಲಿ ಹೋಗದಿರಲಿ.

(ಕಲಬುರಗಿಯಿಂದ)

* * *

ಎಲ್ಲರಿಗೂ ಶರಣು. ಪೇಂಟರಿಗೆ ಹೀಗೆ ಕೊಟ್ಟಿದ್ದೇನೆ: ‘ಕೆಂಪು ದೀಪ ಉರಿಯುವಾಗ ಒಳಗೆ ಬರಬೇಡಿ. ಎಕ್ಸ್‌ರೇ ವಿಕಿರಣ ತಾಗುತ್ತದೆ. ಗರ್ಭಿಣಿಯರು ಮೊದಲೇ ತಿಳಿಸಬೇಕು.’ ಮೂರು ಸಾಲುಗಳೂ ಒಂದೇ ಅಳತೆಯಲ್ಲಿರುತ್ತವೆ. ಕೈಪತ್ರದ ರೇಡಾನ್ ಭಾಗದ ತಲೆಬರಹ ‘ಉಸಿರಿನೊಡನೆ ಒಳಸೇರುವ ರೇಡಾನ್’ ಎಂದಾಯಿತು. ಅದರ ಕೆಳಗಿನ ಈ ವಾಕ್ಯವನ್ನು ಉಪನ್ಯಾಸಕರು ನೋಡಬೇಕು (ಬೆಕೆರೆಲ್ ಎಂಬುದು ವಿಕಿರಣಶೀಲತೆಯ ಅಳತೆ, ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕೆರೆಲ್): ‘ಒಂದು ಘನ ಮೀಟರ್ ಗಾಳಿಯಲ್ಲಿ 100 ಬೆಕೆರೆಲ್ ಎಂಬುದು ಸುರಕ್ಷಿತ ಮಿತಿ.’

* * *

‘ಸುರಕ್ಷಿತ ಮಿತಿ’ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100 ಬೆಕೆರೆಲ್ ಎಂದು ಸೂಚಿಸಿ, ಅದನ್ನು ಸಾಧಿಸಲಾಗದ ಕಡೆಯೂ 300 ಮೀರಬಾರದೆಂದು ಹೇಳಿತು. ಇದರ ಕೆಳಗೆ ಅಪಾಯವೇ ಇಲ್ಲವೆಂದು ಅದು ಹೇಳಲಿಲ್ಲ. ಬಹುಕಾಲದ ಸರಾಸರಿ 100 ಬೆಕೆರೆಲ್ ಹೆಚ್ಚಿದಾಗಲೆಲ್ಲ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಸುಮಾರು ಶೇ 16ರಷ್ಟು ಏರುತ್ತದೆ, ನಡುವೆ ಗೆರೆಯೇನೂ ಇಲ್ಲ. ‘ಮಿತಿ’ ಎಂದು ಬರೆದರೆ 99 ಬಂದ ಮನೆಯವರು ನಿಶ್ಚಿಂತರಾಗುತ್ತಾರೆ, 101 ಬಂದ ಮನೆಯವರು ಗಾಬರಿಯಾಗುತ್ತಾರೆ. ‘ಇದನ್ನು ಮೀರಿದರೆ ತಗ್ಗಿಸಲು ಕ್ರಮ ಕೈಗೊಳ್ಳಿ’ ಎಂದು ತಿದ್ದಿ. ಬೆಕೆರೆಲ್ ಹಾಗೆಯೇ ಇರಲಿ. ಅದು ಮನುಷ್ಯನ ಹೆಸರು, ಅದಕ್ಕೆ ಕನ್ನಡ ಹುಡುಕುವ ಅಗತ್ಯವಿಲ್ಲ.

(ಯಾದಗಿರಿಯಿಂದ)