ಸಾಯುವಾಗ ಹಿಚನ್ಸ್ ಏನೆಂದ?

ಬೆಳಗಾವಿ, ಕ್ಯಾಂಪಿನ ಮನೆಯವರ ವಾಟ್ಸಾಪ್ ಗುಂಪು. ಡಿಸೆಂಬರ್ 15.

ಕಾಕಾ: (ಊರೆಲ್ಲ ತಿರುಗಿ ಬಂದ ಚಿತ್ರ. ಹಾಸಿಗೆ ಹಿಡಿದ ಬೋಳು ತಲೆಯ ವ್ಯಕ್ತಿ, ಹಿಂದೆ ಹೊಳೆಯುವ ಶಿಲುಬೆ.) ದೇವರೇ ಇಲ್ಲವೆಂದ ಲೇಖಕ ಕ್ರಿಸ್ಟೋಫರ್ ಹಿಚನ್ಸ್ ಕೊನೆಯುಸಿರಿನಲ್ಲಿ ಯೇಸುವನ್ನು ಕರೆದ! ಆಮೆನ್ ಹೇಳಿ, ಹತ್ತು ಜನರಿಗೆ ಕಳುಹಿಸಿ.

ಮಾವಶಿ: ಆಮೆನ್.

ನಾನು: ಕಾಕಾ, ಇದನ್ನು ನಂಬಬೇಡಿ. ಆತ 2011ರಲ್ಲಿ ಇದೇ ದಿನ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅನ್ನನಾಳದ ಕ್ಯಾನ್ಸರ್, ವಯಸ್ಸು 62. ಇಂಥ ಗಾಳಿಸುದ್ದಿ ಹುಟ್ಟೀತೆಂದು ಅವನಿಗೆ ಮೊದಲೇ ಗೊತ್ತಿತ್ತು. ನನ್ನ ಬಾಯಿಂದ ಹಾಗೇನಾದರೂ ಬಂದರೆ ಅದು ನೋವಿನ, ಔಷಧಿಯ ಅಮಲಿನ ಮಾತು, ನನ್ನದಲ್ಲ ಎಂದು 2010ರಲ್ಲೇ ಸಂದರ್ಶನದಲ್ಲಿ ಹೇಳಿಟ್ಟಿದ್ದ.

ಕಾಕಾ: ನಾಸ್ತಿಕರ ವಕೀಲನಾಗಿ ಎಷ್ಟು ದಿನವಾಯಿತು? ಮದರ್ ತೆರೇಸಾ ಮೇಲೆ ಕೆಸರೆರಚಲು ಪುಸ್ತಕವನ್ನೇ ಬರೆದವನು ಅವನು.

ನಾನು: ಗೊತ್ತು, 1995ರಲ್ಲಿ. ಅವರಿಗೆ ಸಂತ ಪದವಿ ಕೊಡುವ ವಿಚಾರಣೆಯಲ್ಲಿ ಧರ್ಮಸಭೆಯವರೇ ಅವನನ್ನು ಕರೆಸಿ ವಿರುದ್ಧ ಸಾಕ್ಷ್ಯ ಕೇಳಿದ್ದರು. ಆ ಪುಸ್ತಕ ನಾನು ಓದಿದ್ದೇನೆ. ಅವ್ವ ತವರಿನಿಂದ ತಂದ ಟ್ರಂಕಿನ ಮುಚ್ಚಳದ ಒಳಗೆ ಮದರ್ ಚಿತ್ರ ಅಂಟಿಸಿದೆಯಲ್ಲ, ಮೇಣ ಬಿದ್ದು ಒಂದು ಕಣ್ಣು ಮಸುಕಾಗಿದೆ. ಓದಿದ ಮೇಲೆ ಎರಡು ದಿನ ಆ ಟ್ರಂಕು ತೆರೆಯಲಾಗಲಿಲ್ಲ. ಸಿಟ್ಟಿಗೋ, ಮದರ್ ಆಶ್ರಮದಲ್ಲಿ ಸಾಯುವವರಿಗೆ ಸರಿಯಾದ ನೋವಿನ ಔಷಧಿ ಏಕಿಲ್ಲ ಎಂದು ಅವನು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲವೆಂದೋ. ಸತ್ತ ಸುದ್ದಿ ಬಂದಾಗ, ಹೇಳಲು ನಾಚಿಕೆಯಾಗುತ್ತದೆ, "ಈಗ ಗೊತ್ತಾಯಿತೇ?" ಎಂದು ಮನಸ್ಸಿನಲ್ಲೇ ಹಂಗಿಸಿದೆ. ರಾತ್ರಿ ಪ್ರಾರ್ಥನೆಗೆ ಕುಳಿತರೆ ಅವನ ಹೆಸರೇ ನಾಲಿಗೆಗೆ ಬಂತು. ಏನು ಬೇಡಬೇಕೆಂದು ತೋಚದೆ ಹೆಸರಷ್ಟೇ ಹೇಳಿ ಎದ್ದೆ.

ಮಾವಶಿ: ಆ ಮೇಣ ಬೀಳಿಸಿದ್ದು ನಾನು. ನಿಮ್ಮವ್ವನಿಗೆ ಹೇಳಿರಲಿಲ್ಲ.

ಅಕ್ಕ: ಬದುಕಿದ್ದಾಗಲೇ ಅವನಿಗಾಗಿ ಪ್ರಾರ್ಥಿಸಲು ಒಂದು ದಿನ ಗೊತ್ತುಮಾಡಿದ್ದರು, 2010ರ ಸೆಪ್ಟೆಂಬರ್ 20. ನಿಮಗೆ ಸಮಾಧಾನವಾಗುವುದಿದ್ದರೆ ಮಾಡಿಕೊಳ್ಳಿ ಎಂಬ ಧಾಟಿಯಲ್ಲಿ ಬರೆದ. ಚಿಕಿತ್ಸೆಗೆ ದಾರಿ ಹುಡುಕಿಕೊಟ್ಟ ಗೆಳೆಯ ಫ್ರಾನ್ಸಿಸ್ ಕಾಲಿನ್ಸ್, ದೊಡ್ಡ ತಳಿವಿಜ್ಞಾನಿ, ಅಪ್ಪಟ ಕ್ರೈಸ್ತ.

ಕಾಕಾ: ಅಷ್ಟು ಜನ ಬೇಡಿಕೊಂಡಮೇಲೆ ಕೊನೆಗೆ ಕರೆದಿರಲೂಬಹುದಲ್ಲ? ಯೇಸುವಿನ ಪಕ್ಕದ ಶಿಲುಬೆಯ ಮೇಲಿನ ಕಳ್ಳನೂ ಕೊನೆಯ ಗಳಿಗೆಯಲ್ಲೇ ಕರುಣೆ ಕೇಳಿದ್ದು.

ನಾನು: ಕಳ್ಳ ತನ್ನ ಬಾಯಿಂದಲೇ ಕೇಳಿದ, ಕಾಕಾ. ಅವನ ಪರವಾಗಿ ಯಾರೂ ಬಣ್ಣದ ಚಿತ್ರ ಮಾಡಿ ಹಂಚಲಿಲ್ಲ. ಹಿಚನ್ಸನಿಗೂ ಕರುಣೆ ಸಿಗಲಿ ಎಂದು ನನಗೂ ಆಸೆಯಿದೆ. ಅದಕ್ಕಾಗಿ ಅವನ ಬಾಯಿಗೆ ನಾವು ಮಾತು ತುರುಕುವುದೇ? ಸುಳ್ಳುಸಾಕ್ಷಿ ಹೇಳಬಾರದೆಂಬುದು ಬೈಬಲಿನ ಹತ್ತು ಆಜ್ಞೆಗಳಲ್ಲಿ ಒಂಬತ್ತನೆಯದು.

ಮಾವಶಿ: ಎಂಟನೆಯದು.

ನಾನು: ನಿಮ್ಮ ಕಥೋಲಿಕ ಎಣಿಕೆಯಲ್ಲಿ ಎಂಟು, ಮಾವಶಿ. ಕಾಕಾ ಮೆಥೊಡಿಸ್ಟರು, ಅವರಿಗೆ ಒಂಬತ್ತು.

ಅಕ್ಕ: ಕಾಕಾ, ಅಳಿಸಿಬಿಡಿ.

ಕಾಕಾ: ಇಲ್ಲಿ ಅಳಿಸಬಹುದು. ಬೆಳಿಗ್ಗೆಯೇ ಮೂರು ಗುಂಪಿಗೆ ಕಳುಹಿಸಿಬಿಟ್ಟಿದ್ದೇನೆ. ಪಾಸ್ಟರೂ ಆಮೆನ್ ಎಂದಿದ್ದಾರೆ.

ಮಾವಶಿ: ಕ್ರಿಸ್ಮಸ್ ಗೋದಲಿಗೆ ಒಣಹುಲ್ಲು ಯಾರು ತರುತ್ತೀರಿ?