ಸಹಾಯ ಬೇಕು: ಕಿಮೋ ನಡುವೆ ಜ್ವರ, ಕಲ್ಚರ್ ವರದಿಯಲ್ಲಿ ಸಾಲು ಸಾಲು ‘ಆರ್’

ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿರುವ ನಮ್ಮ ಅಮ್ಮನಿಗೆ 21 ದಿನಗಳಿಗೊಮ್ಮೆ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಕಿಮೋ ಔಷಧಿಗಳನ್ನು ಕೊಡುತ್ತಿದ್ದು, ಎರಡನೆಯ ಸುತ್ತಿನ ಹತ್ತನೆಯ ದಿನ, ಅಂದರೆ ಬಿಳಿ ರಕ್ತಕಣಗಳು ತೀರಾ ಇಳಿಯುವ ಹೊತ್ತಿಗೆ ಸರಿಯಾಗಿ, ಚಳಿಜ್ವರ ಬಂತು. ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳ ಎಣಿಕೆ 500ಕ್ಕಿಂತ ಕೆಳಗಿತ್ತು. ರಕ್ತದ ಕಲ್ಚರ್‌ನಲ್ಲಿ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಬೆಳೆದಿದ್ದು, ಸಿಪ್ರೊಫ್ಲಾಕ್ಸಸಿನ್, ಸೆಫ್ಟ್ರಿಯಾಕ್ಸೋನ್ ಎಂಬ ಎರಡು ಆಂಟಿಬಯೋಟಿಕ್‌ಗಳ ಮುಂದೆಯೂ ‘ಆರ್’ (ರೆಸಿಸ್ಟೆಂಟ್, ಅಂದರೆ ಔಷಧಿ ನಾಟುವುದಿಲ್ಲ) ಎಂದಿತ್ತು. ‘ಎಸ್’ (ಸೆನ್ಸಿಟಿವ್, ಅಂದರೆ ನಾಟುತ್ತದೆ) ಎಂದಿದ್ದ ಮೆರೊಪೆನೆಮ್ ಕೊಟ್ಟ ಮೇಲೆ ಜ್ವರ ಇಳಿಯಿತು.

ಉರಿಮೂತ್ರವಾದಾಗಲೆಲ್ಲ ಚೀಟಿಯಿಲ್ಲದೆ ಅಂಗಡಿಯಿಂದ ಸಿಪ್ರೊ ತಂದು, ಎರಡು ದಿನಕ್ಕೇ ನಿಲ್ಲಿಸುತ್ತಿದ್ದವರು ನಾವೇ. ಮಾತ್ರೆ ಡಬ್ಬಿಯಲ್ಲಿ ಅರ್ಧ ಸ್ಟ್ರಿಪ್ ಇನ್ನೂ ಬಿದ್ದಿದೆ.

ಕಿಮೋದ ಕೆಂಪು ಔಷಧಿಯಾದ ಡಾಕ್ಸೊರುಬಿಸಿನ್ ಕೂಡ ಒಂದು ಆಂಟಿಬಯೋಟಿಕ್, ಹಾಗಾಗಿ ಅದೂ ನಾಟುವುದಿಲ್ಲವೆಂದು ಬಂಧುಗಳೊಬ್ಬರು ಹೆದರಿಸಿದರು. ಡಾಕ್ಸೊರುಬಿಸಿನ್ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದೇನೋ ನಿಜ. ಆದರೆ ಅದನ್ನು ಕೊಡುವುದು ಕ್ಯಾನ್ಸರ್ ಕೋಶಗಳ ವಿಭಜನೆ ತಡೆಯಲು, ವರದಿಯ ‘ಆರ್’ಗೂ ಅದಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಬಿಡಿಸಿ ಹೇಳಿದ ಮೇಲೆ ಅಮ್ಮ ಊಟ ಮಾಡಿದರು.

ಮೂರನೆಯ ಸುತ್ತು ಒಂದು ವಾರ ಮುಂದೆ ಹೋಗಿದೆ. ಈ ಬಾರಿ ಬಿಳಿಕಣ ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದೂ ಇರುತ್ತದೆ. ಇಂಥದೇ ಸೋಂಕಿನ ನಂತರ ಕಿಮೋ ಮುಂದುವರಿಸಿದವರು ಮನೆಯಲ್ಲಿ ಯಾವ ಎಚ್ಚರ ವಹಿಸಿದಿರಿ, ರಾತ್ರಿ ಜ್ವರ ಬಂದಾಗ ಹಳೆಯ ಕಲ್ಚರ್ ವರದಿಯನ್ನು ತುರ್ತು ವಿಭಾಗದವರ ಕೈಗೆ ಕೊಟ್ಟದ್ದು ಉಪಯೋಗವಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿ. ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ಎಷ್ಟು ಕಾಲ ಉಳಿಯಬಹುದೆಂದು ಸೂಕ್ಷ್ಮಜೀವಿಶಾಸ್ತ್ರ ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ. ಔಷಧಿಯ ಹೆಸರು, ಪ್ರಮಾಣ ಮಾತ್ರ ಯಾರೂ ಸೂಚಿಸಬೇಡಿ. ಅದನ್ನು ನಮ್ಮ ವೈದ್ಯರಿಗೇ ಬಿಟ್ಟಿದ್ದೇವೆ.